ತಟ್ಟೆ ಮಾರುವವನ ಮಗಳ ಹಬ್ಬ

ಎಫ್ರಾಯಿನ್ ಸಿಲ್ಬರ್‌ಮನ್ ಪಟ್ಟ ಪಾಡಿಗೆಲ್ಲ ಕಾರಣ ಒಂದು ತುತ್ತು ಶಾವಿಗೆ. ಅದೊಂದು ಬಾಯಲ್ಲಿ ಇಲ್ಲದಿದ್ದರೆ ಅವನು ಯೋಚಿಸಿ ಮಾತಾಡುತ್ತಿದ್ದ. ಕಡೇಪಕ್ಷ ಹೆಂಡತಿಯ ಮುಖವನ್ನಾದರೂ ನೋಡುತ್ತಿದ್ದ. ಕೋಳಿ ಸೂಪಿನ ಬಿಸಿ ಶಾವಿಗೆ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಅಷ್ಟರಲ್ಲಿ ಮಗಳು ದಾಲಿಯಾ ಚಮಚ ಕೆಳಗಿಟ್ಟು ಕೇಳಿದಳು:

"ಪಪ್ಪಾ, ನನ್ನ ಬತ್ ಮಿತ್ಸ್ವಾಕ್ಕೆ ಪ್ಲಾಸ್ಟಿಕ್ ಬೇಡ. ತಟ್ಟೆ, ಲೋಟ, ಬಲೂನು, ಒಂದು ಚೂರೂ ಬೇಡ. ಆಯ್ತಾ?"

"ಹ್ಞೂಂ," ಅಂದ ಎಫ್ರಾಯಿನ್.

ಹ್ಞೂಂ ಅಂದವನು ಯಾರು ಅನ್ನುವುದನ್ನು ಸ್ವಲ್ಪ ನೋಡಬೇಕು. ಬ್ಯೂನಸ್ ಐರಿಸ್‌ನ ವಿಲ್ಲಾ ಕ್ರೆಸ್ಪೊ ಬಡಾವಣೆಯಲ್ಲಿ ಪ್ಲಾಸ್ಟಿಕ್ ತಟ್ಟೆ, ಬಲೂನು, ಕಾಗದದ ಟೋಪಿ, ಪೀಪಿ, ಜರಿ ಪರದೆ ಮಾರುತ್ತಿದ್ದದ್ದು ಇವನೇ. ಇವನಿಗೆ ಮುಂಚೆ ಇವನಪ್ಪ ಮಾರುತ್ತಿದ್ದ. ಆ ಸುತ್ತಿನಲ್ಲಿ ಯಾರ ಮನೆಯ ಹುಟ್ಟುಹಬ್ಬವೂ ಎಫ್ರಾಯಿನನ ಒಂದು ಬಲೂನು ಟಪ್ ಅನ್ನದೆ ಮುಗಿದದ್ದಿಲ್ಲ. ಅಂಥವನ ಒಬ್ಬಳೇ ಮಗಳು ಹನ್ನೆರಡು ತುಂಬಿ, ಸಭೆಯೆದುರು ನಿಂತು ಧರ್ಮಗ್ರಂಥ ಓದಿ, ಇನ್ನು ತನ್ನ ಹೊಣೆ ತಾನೇ ಹೊರುವವಳು ಅನ್ನಿಸಿಕೊಳ್ಳುವ ಈ ಯಹೂದಿ ಹಬ್ಬದ ದಿನ ಅಪ್ಪನ ಅಂಗಡಿಯ ಒಂದು ಸಾಮಾನೂ ಒಳಗೆ ಬರಕೂಡದು ಎಂದರೆ ಏನರ್ಥ? ಮಿಠಾಯಿ ಅಂಗಡಿಯವನ ಮನೆ ಮದುವೆಯಲ್ಲಿ ಪಾಯಸಕ್ಕೆ ಸಕ್ಕರೆ ಬೇಡ ಅಂದಂತಾಯಿತು.

ಮರುದಿನ ಬೆಳಿಗ್ಗೆ ಅವನು ಚೌಕಾಸಿಗೆ ಇಳಿದ.

"ಬಾಗಿಲಿಗೆ ಒಂದೇ ಒಂದು ಬಲೂನು, ಪುಟ್ಟೀ?"

"ಪಪ್ಪಾ, ನಿನ್ನ ಪ್ಲಾಸ್ಟಿಕ್ ತಟ್ಟೆ ಎಷ್ಟು ದಿನ ಇರತ್ತೆ ಗೊತ್ತಾ?"

"ಒಂದು ಪಾರ್ಟಿ."

"ನಾನು, ನನ್ನ ಮಕ್ಕಳು, ಮೊಮ್ಮಕ್ಕಳು ಎಲ್ಲಾ ಹೋದ್ಮೇಲೂ ಇರತ್ತೆ."

"ಗಟ್ಟಿ ಮಾಲು ಅಂತ ಆಯ್ತಲ್ಲ ಹಾಗಾದ್ರೆ," ಅಂದ ಎಫ್ರಾಯಿನ್. ಒಂದು ಕ್ಷಣ ಅವನಿಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಮಗಳು ನಗಲಿಲ್ಲ.

ಅವಳು ಓದಬೇಕಾಗಿದ್ದದ್ದು ನೋಹನ ಪ್ರಳಯದ ಅಧ್ಯಾಯ. "ನೋಹ ನಾವೆಗೆ ಪ್ಲಾಸ್ಟಿಕ್ ತಟ್ಟೆ ತಗೊಂಡ್ಹೋಗಿದ್ನಾ?" ಎಂದು ಕೇಳಿದಳು. "ಆನೆ ಜಿರಾಫೆಗಳು ತಟ್ಟೇಲಿ ತಿನ್ನಲ್ಲಮ್ಮ," ಅಂದ ಅಪ್ಪ. ಅದಕ್ಕೂ ನಗಲಿಲ್ಲ. ಅವತ್ತಿನಿಂದ ಎಫ್ರಾಯಿನನಿಗೆ ಒಳಗೊಳಗೇ ಭಯ ಶುರುವಾಯಿತು.

ಭಯಕ್ಕೆ ಆಧಾರವಿತ್ತು. ಮೊದಲೆಲ್ಲ ಶಾಲೆಯಿಂದ ಬರುವಾಗ ಅಂಗಡಿಯೊಳಗೆ ನುಗ್ಗಿ ಒಂದು ಟೋಪಿ ತಲೆಗೇರಿಸಿಕೊಂಡೇ ಮನೆಗೆ ಹೋಗುತ್ತಿದ್ದ ಹುಡುಗಿ ಈಗ ಕೆಲವು ತಿಂಗಳಿಂದ ರಸ್ತೆಯ ಆಚೆ ಬದಿಯಲ್ಲಿ, ತಲೆ ತಗ್ಗಿಸಿಕೊಂಡು, ಅಂಗಡಿಯತ್ತ ನೋಡದೆ ನಡೆಯುತ್ತಿದ್ದಳು. ಹಬ್ಬದ ದಿನ ಊಟದ ಹೊತ್ತಿಗೆ ಅವಳು ಒಂದು ಭಾಷಣ ಮಾಡಬೇಕಿತ್ತು. ಅದನ್ನು ಅಪ್ಪನಿಗೆ ತೋರಿಸಲೊಲ್ಲಳು. ಪ್ರಾರ್ಥನಾಮಂದಿರದ ಗುರು ರಬ್ಬಿ ಇಲಾನ್‌ಗೆ ಮಾತ್ರ ತೋರಿಸಿದ್ದಳು. ಎಫ್ರಾಯಿನ್ ಹೋಗಿ ಆ ರಬ್ಬಿಗೆ ಬೆಣ್ಣೆ ಹಚ್ಚಿ ಕೇಳಿದ. ರಬ್ಬಿ ಗಡ್ಡ ನೀವಿಕೊಂಡು, "ಚೆನ್ನಾಗಿ ಬರೆದಿದಾಳೆ. ನೀನೂ ಬರ್ತೀಯ ಅದ್ರಲ್ಲಿ," ಎಂದು ನಕ್ಕುಬಿಟ್ಟ.

ಆ ನಗು ನೋಡಿದ ಮೇಲೆ ಎಫ್ರಾಯಿನನಿಗೆ ಊಟ ಸೇರಲಿಲ್ಲ. ಮಗಳು ಮೈಕಿನ ಮುಂದೆ ನಿಂತು, ಇಡೀ ಬಡಾವಣೆಯೆದುರು, ಸಮುದ್ರದ ಮೀನುಗಳ ಹೊಟ್ಟೆಗೆ ಪ್ಲಾಸ್ಟಿಕ್ ತುಂಬಿದವನು ಇಗೋ ಈ ನಮ್ಮಪ್ಪ ಅನ್ನುತ್ತಾಳೆ. ಹಾಗೆ ಅಂದರೆ ತಾನು ಏನು ಮಾಡಬೇಕು? ಚಪ್ಪಾಳೆ ತಟ್ಟಬೇಕೇ? ಮಗಳು ತನ್ನ ಬಗ್ಗೆ ನಾಚಿಕೆ ಪಡುತ್ತಿದ್ದಾಳೆ ಅನ್ನುವುದು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಹೇಗಾದರೂ ಮಾಡಿ ಅವಳ ಕಣ್ಣಲ್ಲಿ ಒಳ್ಳೆಯವನಾಗಬೇಕು, ಈ ಹಬ್ಬದಲ್ಲಿ ಒಂದು ಪ್ಲಾಸ್ಟಿಕ್ ಎಳೆಯೂ ಕಾಣಬಾರದು, ಅದನ್ನು ನೋಡಿಯಾದರೂ ಅವಳು ಆ ಸಾಲುಗಳನ್ನು ನುಂಗಿಕೊಳ್ಳಲಿ ಎಂದು ಪಣ ತೊಟ್ಟ.

ತೊಟ್ಟ ಮೇಲೆ ಕುಂದಿಲ್ಲದಂತೆ ನಡೆಸಿದ ಕೂಡ. ಕತ್ತರಿಸಿದ ಹೂವಿನ ಬದಲು ತುಳಸಿ, ಪುದೀನದ ಕುಂಡಗಳು ಬಂದವು. ಆಮಂತ್ರಣ ಅಚ್ಚು ಹಾಕಿಸದೆ ಎಲ್ಲರಿಗೂ ಫೋನು ಮಾಡಿ ಕರೆದ. ಕರೆದವರೆಲ್ಲ ತಮ್ಮ ಮಂಡಿನೋವಿನ ಕತೆ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ಗ್ರಂಥ ಓದಿ ಮುಗಿಸಿದ ಮಕ್ಕಳ ಮೇಲೆ ಎಸೆಯುವ ಸಿಹಿಗೂ ಕಾಗದ ಸುತ್ತಿರದ ಖರ್ಜೂರವನ್ನೇ ಗೊತ್ತು ಮಾಡಿದ. ತಟ್ಟೆಯ ವಿಷಯ ಒಂದನ್ನು ಮಾತ್ರ ಯಾರೂ ಎತ್ತಲಿಲ್ಲ.

ಹಬ್ಬ ಶನಿವಾರ. ಶುಕ್ರವಾರ ಬೆಳಿಗ್ಗೆ ಅವನು ಅಂಗಡಿಯ ಶಟರ್ ಅರ್ಧ ಎತ್ತಿದ್ದ, ಫೋನು ಬಂತು. ರಬ್ಬಿ ಇಲಾನ್.

"ಎಫ್ರಾಯಿನ್, ನಾಳೆ ಊಟಕ್ಕೆ ತಟ್ಟೆ ಯಾವಾಗ ಕಳಿಸ್ತೀಯಪ್ಪ?"

"ಯಾವ ತಟ್ಟೆ?"

"ಯಾವಾಗ್ಲೂ ಕಳಿಸ್ತೀಯಲ್ಲ, ಆ ತಟ್ಟೆ."

"ನಾಳೆ ಪ್ಲಾಸ್ಟಿಕ್ ಇಲ್ಲ ರಬ್ಬಿ. ನಿಮ್ಮ ಅಡುಗೆಮನೇಲಿರೋ ತೊಳೆಯೋ ತಟ್ಟೇನೇ ತೆಗೀರಿ."

"ನಮ್ಮ ಅಡುಗೆಮನೇಲಿ ತಟ್ಟೆ ಎಲ್ಲಿದೆ? ನಿಮ್ಮಪ್ಪನೇ ತಾನೆ ಬಂದು, ಯಾಕೆ ಈ ಪಿಂಗಾಣಿ ತೊಳೆಯೋ ಗೋಳು ಅಂತ ಹಳೇ ರಬ್ಬಿ ತಲೆ ತಿಂದು, ಇದ್ದಬದ್ದದ್ದೆಲ್ಲಾ ದಾನ ಮಾಡ್ಸಿ, ಪ್ಲಾಸ್ಟಿಕ್ ಹಚ್ಚಿದ್ದು."

ಎಫ್ರಾಯಿನ್ ಮನೆಗೆ ಫೋನು ಮಾಡಿದ. ಹೆಂಡತಿ ನೊಯೆಮಿ ಶಾಂತವಾಗಿ, "ತಟ್ಟೆ ವಿಷಯ ಅಲ್ವಾ, ನೀನು ನೋಡ್ಕೊಂಡಿರ್ತೀಯ ಅನ್ಕೊಂಡೆ," ಅಂದಳು. ಅವಳು ಹಾಗಂದುಕೊಂಡಿದ್ದಳು, ರಬ್ಬಿಯೂ ಹಾಗೇ ಅಂದುಕೊಂಡಿದ್ದ. ವಿಲ್ಲಾ ಕ್ರೆಸ್ಪೊದಲ್ಲಿ ತಟ್ಟೆ ಎಂದರೆ ಎಫ್ರಾಯಿನ್ ಅನ್ನುವುದು ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿದ್ದರಿಂದ ಎಫ್ರಾಯಿನನೂ ಅದನ್ನು ಮರೆತಿದ್ದ. ಬಾಡಿಗೆಗೆ ಕೊಡುವವರ ಕೋಷರ್, ಅಂದರೆ ನಮ್ಮ ಮಡಿಗೆ ಸಲ್ಲುವ, ತಟ್ಟೆಗಳೆಲ್ಲ ಯಾರದೋ ಮದುವೆಗೆ ಹೋಗಿಬಿಟ್ಟಿದ್ದವು. ಸಂಜೆ ಸೂರ್ಯ ಮುಳುಗಿದರೆ ವಾರದ ಬಿಡುವಿನ ದಿನ, ಶಬ್ಬಾತ್. ಆಮೇಲೆ ಕೊಳ್ಳುವುದೂ ಇಲ್ಲ, ಹೊರುವುದೂ ಇಲ್ಲ. ಅವನು ಶಟರನ್ನು ಇದ್ದಲ್ಲೇ ಬಿಟ್ಟು ಪ್ರಾರ್ಥನಾಮಂದಿರಕ್ಕೆ ಓಡಿದ.

"ಮನೆಮನೆಯಿಂದ ತಟ್ಟೆ ಈಸ್ಕೊಂಡು ಬರ್ಲಾ ರಬ್ಬಿ?"

"ನಾಳೆ ಮೀನು, ಚೀಸಿನ ಊಟ. ಮಾಂಸ ಬಡಿಸಿದ ತಟ್ಟೆಗೆ ಚೀಸು ಬಡಿಸೋ ಹಾಗಿಲ್ಲ. ಯಾರ ಮನೆ ತಟ್ಟೇಲಿ ಏನೇನು ತಿಂದಿದಾರೋ ದೇವರಿಗೇ ಗೊತ್ತು. ದೇವರು ಬಾಯಿ ಬಿಡಲ್ಲ, ಅವರಂತೂ ಮೊದಲೇ ಬಿಡಲ್ಲ." ರಬ್ಬಿ ಇನ್ನೂ ಯುವಕ, ಒಳ್ಳೆಯ ಮನಸ್ಸಿನವನು, ಎಫ್ರಾಯಿನನ ಮುಖ ನೋಡಿ ಕರಗಿದ. "ಪಿಂಗಾಣಿ ಮುಸುರೆ ಹೀರ್ಕೊಳ್ಳತ್ತೆ. ಗಾಜು ಹೀರಲ್ಲ. ಗಾಜಿನ ತಟ್ಟೆ ತಾ. ಚೆನ್ನಾಗಿ ತೊಳೆದು ತಣ್ಣಗಿರೋದೇ ಬಡಿಸೋಣ. ಅದಕ್ಕೆ ನಾನು ಒಪ್ತೀನಿ."

ಗಾಜು ಅಂದ ಕೂಡಲೇ ಎಫ್ರಾಯಿನನಿಗೆ ಜೀವ ಬಂತು. ಈ ಊರಿನ ಯಾವ ಮನೆಯ ಕಪಾಟು ತೆಗೆದರೂ ಹಿಂದುಗಡೆ ಅಜ್ಜಿಯ ಕಾಲದ ಜೇನುಬಣ್ಣದ ಗಾಜಿನ ತಟ್ಟೆಗಳು ಇದ್ದೇ ಇರುತ್ತವೆ. ಎಲ್ಲರ ಮನೆಯವೂ ಒಂದೇ ಅಚ್ಚು.

ಅವನು ಮೊದಲು ಹತ್ತಿದ್ದು ತನ್ನದೇ ಕಟ್ಟಡದ ಎರಡನೇ ಮಹಡಿ, ಅಮ್ಮನ ಮನೆ. ಅಮ್ಮ ಫಾನ್ಯಾ ಮಾಟೆ ಕಷಾಯ ಹೀರುತ್ತ ಕೂತಿದ್ದಳು. ಎದುರಿಗೆ ಮೂರನೇ ಮಹಡಿಯ ಸೆಲ್ಮಾ. ಇಬ್ಬರೂ ಪ್ರತಿದಿನ ಬೆಳಿಗ್ಗೆ ಒಂದೇ ಪಾತ್ರೆಯ ಕಷಾಯ ಹಂಚಿಕೊಂಡು ಕುಡಿಯುತ್ತಾರೆ, ಪ್ರತಿದಿನವೂ ಜಗಳವಾಡುತ್ತಾರೆ.

"ಗಾಜು ಹೀರಲ್ಲ ಅಂತ ಯಾರು ಹೇಳಿದ್ದು?" ಅಂದಳು ಫಾನ್ಯಾ.

"ರಬ್ಬಿ, ಅಮ್ಮ."

"ಆ ಹುಡುಗನಾ? ಅವನಿಗೆ ಗಡ್ಡ ಬರೋಕೆ ಮುಂಚೆಯಿಂದ ನಾನು ಹಾಲಿನ ತಟ್ಟೆ ಬೇರೆ, ಮಾಂಸದ ತಟ್ಟೆ ಬೇರೆ ಮಾಡ್ಕೊಂಡು ಬಂದಿದೀನಿ. ಪೋಲೆಂಡಲ್ಲಿ ನಮ್ಮಜ್ಜಿ ಮನೇಲಿ ಗಾಜಿಗೂ ಮಡಿ ಇತ್ತು."

"ಅಲೆಪ್ಪೋದಲ್ಲಿ ನಮ್ಮಜ್ಜಿ ಒಂದೇ ಗಾಜಿನ ತಟ್ಟೇಲಿ ಮಧ್ಯಾಹ್ನ ಮಾಂಸ ಬಡಿಸಿ, ರಾತ್ರಿ ಮೊಸರು ಬಡಿಸ್ತಿದ್ಲು," ಅಂದಳು ಸೆಲ್ಮಾ. "ತೊಂಬತ್ತು ದಾಟಿ ಬದುಕಿದ್ಲು."

"ಅದಕ್ಕೇ ದೇವರು ಅವಳನ್ನ ಕರ್ಕೊಳ್ಳೋಕೆ ಅಷ್ಟು ಹಿಂದೆಮುಂದೆ ನೋಡಿದ್ದು."

"ನೋಡು ಮಗಾ ಎಫ್ರಾಯಿನ್, ನಿಮ್ಮಮ್ಮ ಸತ್ತವರನ್ನೂ ಬಿಡಲ್ಲ. ನನ್ನ ತಟ್ಟೆ ಅಷ್ಟೂ ತಗೊಂಡ್ಹೋಗು. ಇವಳದು ಇವಳ ಹತ್ರವೇ ಮಡಿಯಾಗಿ ಕೂತಿರಲಿ."

ಆ ಹೊತ್ತಿಗೆ ಸರಿಯಾಗಿ ಕಟ್ಟಡದ ಮೇಲ್ವಿಚಾರಕ ರೊಕೆ ಮೆಟ್ಟಿಲು ಒರೆಸುತ್ತ ತೆರೆದ ಬಾಗಿಲಿಗೆ ಬಂದ. ರೊಕೆಯಷ್ಟು ಉಪಕಾರಿ ಮನುಷ್ಯ ಇನ್ನೊಬ್ಬನಿಲ್ಲ. ಅವನ ಉಪಕಾರದಿಂದ ಕೆಟ್ಟ ಮನೆಗಳೂ ಕೆಲವು ಇದ್ದವು.

"ತಟ್ಟೆ ಇಳಿಸಬೇಕಾ ಡೋನ್ಯಾ ಫಾನ್ಯಾ? ಬಿಡಿ, ನಾನೇ ತೆಗೀತೀನಿ. ಆ ಗಾಜಿನವು ತಾನೆ? ಎಲ್ಲಿವೆ ಅಂತ ನನಗೆ ಗೊತ್ತು. ನಲ್ಲಿ ರಿಪೇರಿಗೆ ಬಂದಾಗೆಲ್ಲಾ ಅದ್ರಲ್ಲೇ ಅಲ್ವಾ ನೀವು ನಂಗೆ ಹಂದಿಮಾಂಸದ ಸ್ಯಾಂಡ್‌ವಿಚ್ ಕೊಡೋದು."

ಹಂದಿ ಎಂದರೆ ಯಹೂದಿಗಳ ಮನೆಯಲ್ಲಿ ಹೆಸರೂ ಎತ್ತಬಾರದ ಮಾಂಸ. ಸೆಲ್ಮಾ ಕಷಾಯದ ಕೊಳವೆಯನ್ನು ಬಾಯಿಂದ ನಿಧಾನವಾಗಿ ತೆಗೆದಳು. ಬದುಕಿನಲ್ಲಿ ಅವಳಿಗೆ ಇಂಥ ಬೆಳಗು ಇನ್ನೊಂದು ಸಿಕ್ಕಿರಲಿಲ್ಲ.

"ಅದು ಅವನಿಗೆ," ಅಂದಳು ಫಾನ್ಯಾ. "ಮನೆಗೆ ಬಂದವರಿಗೆ ಅವರಿಗೆ ಹಿಡಿಸೋದು ಕೊಡ್ಬೇಕು. ಧರ್ಮ ಅದು."

"ಒಬ್ಬನೇ ತಿನ್ನೋಕೆ ಬೇಜಾರಾಗತ್ತೆ ಅಂತ ಜೊತೆಗೆ ತಾವೂ ಕೂತ್ಕೋತಾರೆ, ಪಾಪ," ಅಂದ ರೊಕೆ, ಅವಳ ಪರ ವಹಿಸಿಕೊಂಡು.

ಫಾನ್ಯಾ ಎದ್ದಳು. ಬುಸುಗುಟ್ಟಿದ ಬೆಕ್ಕು ಸುಮ್ಮನಾದಂತೆ ಮುಖ ಮಾಡಿಕೊಂಡು ಕಪಾಟಿನ ಬಾಗಿಲು ತೆಗೆದಳು. "ಹಾಗೆ ನೋಡಿದ್ರೆ ಗಾಜು ಏನೂ ಹೀರಲ್ಲ," ಅಂದಳು ಮಗನಿಗೆ. "ರಬ್ಬಿ ಹೇಳಿದ ಮೇಲೆ ಮುಗೀತು. ಅಷ್ಟು ಓದಿದೋರು ಸುಳ್ಳು ಹೇಳ್ತಾರಾ?"

ಅಲ್ಲಿಂದ ಸುದ್ದಿ ಲಿಫ್ಟಿಗಿಂತ ಬೇಗ ಮೇಲೇರಿತು. ಬಾಗಿಲು ಬಾಗಿಲಿಗೂ ತಟ್ಟೆ ಸಿಕ್ಕಿತು, ತಟ್ಟೆಯ ಜೊತೆಗೆ ಒಂದೊಂದು ಸಲಹೆಯೂ ಸಿಕ್ಕಿತು. ಬಾಳೆಲೆ ತರಿಸು ಅಂದವರುಂಟು. ತಟ್ಟೆಯೇ ಬೇಡ, ಎಲ್ಲರಿಗೂ ಕೈಗೆ ಒಂದೊಂದು ರೊಟ್ಟಿ ಕೊಟ್ಟು ಅದರ ಮೇಲೇ ಬಡಿಸು ಅಂದವರುಂಟು. ಐದನೇ ಮಹಡಿಯ ವಕೀಲನಂತೂ ಅವನ ಕಿವಿಗೆ ಬಾಯಿಟ್ಟು, "ನಿನ್ನಂಗಡೀಲೇ ರಾಶಿ ಬಿದ್ದಿದೆಯಲ್ಲಯ್ಯ. ಬಿಳೀದು ತಗೊಂಡ್ಬಾ, ಪಿಂಗಾಣಿ ಅಂತ ಹೇಳು. ಹುಡುಗಿ ಮುಟ್ಟಿ ನೋಡ್ತಾಳಾ?" ಅಂದ.

ಅಮ್ಮನ ಗಾಲಿಚೀಲದಲ್ಲಿ ತಟ್ಟೆಗಳನ್ನು ತುಂಬಿ, ನಡುನಡುವೆ ಟವೆಲ್ಲು ತುರುಕಿ, ಎಫ್ರಾಯಿನ್ ಕಲ್ಲುಹಾಸಿನ ರಸ್ತೆಯಲ್ಲಿ ಎಳೆದುಕೊಂಡು ಹೊರಟ. ಚೀಲ ಒಂದೊಂದು ಕಲ್ಲಿಗೂ ಕಿಣಿಕಿಣಿ ಅನ್ನುತ್ತಿತ್ತು. ಒಂದೊಂದು ಕಿಣಿಗೂ ಅವನು ನಿಂತು ಒಳಗೆ ಕೈ ಹಾಕಿ ತಡವುತ್ತಿದ್ದ. ಅಂಗಡಿಯ ಮುಂದೆ ಬಂದಾಗ ಅರ್ಧ ಎತ್ತಿದ ಶಟರಿನ ಕೆಳಗಿಂದ ಬಿಳಿ ತಟ್ಟೆಗಳ ಕಟ್ಟುಗಳು ಕಂಡವು. ಹಗುರ, ಮುರಿಯದವು, ತೊಳೆಯಬೇಕಿಲ್ಲದವು. ವಕೀಲನ ಮಾತು ನೆನಪಾಯಿತು. ಎರಡು ಕಟ್ಟು ಚೀಲದ ತಳಕ್ಕೆ ತುರುಕಿದರೆ ಯಾರಿಗೆ ಗೊತ್ತಾಗುತ್ತದೆ? ಬಗ್ಗಿ ಒಳಗೆ ಕೈ ಚಾಚಿಯೂ ಚಾಚಿದ.

"ಪಪ್ಪಾ."

ರಸ್ತೆಯ ಆಚೆ ಬದಿಯಲ್ಲಿ ದಾಲಿಯಾ ನಿಂತಿದ್ದಳು, ಶಾಲೆಯ ಚೀಲ ಎದೆಗವಚಿಕೊಂಡು. ಎಫ್ರಾಯಿನ್ ಹಾವು ತುಳಿದವನ ಹಾಗೆ ನೆಟ್ಟಗಾದ.

"ಏನಿಲ್ಲ ಪುಟ್ಟೀ, ಶಟರ್ ಎಳೀತಿದ್ದೆ," ಅಂದು ಅದನ್ನು ದಡಾರನೆ ಎಳೆದು ಬೀಗ ಹಾಕಿದ.

ಅವಳು ದಾಟಿ ಈಚೆಗೆ ಬರಲಿಲ್ಲ. ಅಲ್ಲಿಂದಲೇ ಕೇಳಿದಳು. "ನಾಳೆ ನಿನಗೇನೂ ಕೆಲಸ ಇಲ್ಲ ಅಲ್ವಾ ಪಪ್ಪಾ?"

"ಏನೂ ಇಲ್ಲ."

"ಖಂಡಿತಾ?"

"ಖಂಡಿತಾ. ನಾನು ಯಾವುದಕ್ಕೂ ಕೈ ಹಾಕಲ್ಲ, ನೀನು ಯೋಚನೆ ಮಾಡ್ಬೇಡ."

ಅವಳು ತಲೆಯಾಡಿಸಿ ಹೋದಳು. ಎಲ್ಲದಕ್ಕೂ ಮೂಗು ತೂರಿಸಿ ಮರ್ಯಾದೆ ಕಳೆಯಬೇಡ ಎಂದು ಮಗಳು ಹೇಳಿಹೋದಳು ಅಂತಲೇ ಅವನು ಅರ್ಥ ಮಾಡಿಕೊಂಡ. ಆದರೂ ಚೀಲ ಎಳೆದ.

ಪ್ರಾರ್ಥನಾಮಂದಿರದ ಅಡುಗೆಮನೆಯಲ್ಲಿ ರಬ್ಬಿ ತಟ್ಟೆಗಳನ್ನು ಜೋಡಿಸಿ ನೋಡಿದ. ಬರುವವರ ಅರ್ಧಕ್ಕೂ ಸಾಲುವಂತಿರಲಿಲ್ಲ.

"ಪರವಾಗಿಲ್ಲ," ಅಂದ. "ಒಂದು ಪಂಕ್ತಿ ಮುಗಿದ ಮೇಲೆ ಇನ್ನೊಂದು. ಮೀನು ತಿಂದ ತಟ್ಟೆ ತೊಳೆದು, ಹಿಟ್ಟಿನೊಳಗೆ ಚೀಸು ತುಂಬಿ ಬೇಯಿಸಿದ ಕ್ನಿಶ್‌ಗೆ ಇಡೋಣ, ಅದನ್ನೇ ತೊಳೆದು ಕೇಕಿಗೆ. ಅದೇ ದಿನ ಮತ್ತೆ ಬೇಕಾಗೋ ತಟ್ಟೇನ ಶಬ್ಬಾತ್‌ನಲ್ಲಿ ತೊಳೆದ್ರೆ ತಪ್ಪಿಲ್ಲ. ಆದ್ರೆ ತೊಳೆಯೋರು ಯಾರು? ನಮ್ಮಲ್ಲಿ ತೊಳೆಯೋರು ಅಂತ ಯಾರೂ ಇಲ್ಲ, ತೊಳೆಯೋಕೆ ಏನೂ ಇರ್ಲಿಲ್ವಲ್ಲ."

"ನಾವೆಲ್ಲ ಸತ್ತೋಗಿದೀವಾ?" ಅಂದಳು ಹಿಂದೆಯೇ ಬಂದಿದ್ದ ಸೆಲ್ಮಾ. ರೊಕೆ ಎದೆ ಮುಟ್ಟಿಕೊಂಡು ತಾನಿದ್ದೇನೆ ಅಂದ. ವಕೀಲ ಫೋನಿನಲ್ಲಿ ತಾನೂ ಇದ್ದೇನೆ ಅಂದ. ಇಷ್ಟು ಜನ ಇದ್ದಾರಲ್ಲ ಎಂದು ಎಫ್ರಾಯಿನನಿಗೆ ಕಣ್ಣು ತುಂಬಿ ಬಂತು. ಸಂಜೆ ನೊಯೆಮಿ ದೀಪ ಹಚ್ಚಿ ಕಣ್ಣು ಮುಚ್ಚಿದಾಗ ಅವನೂ ಮುಚ್ಚಿದ. ದೇವರಲ್ಲಿ ಕೇಳಿಕೊಂಡದ್ದು ಒಂದೇ: ಆ ಭಾಷಣ ಚಿಕ್ಕದಿರಲಿ.

ಶನಿವಾರ ಬೆಳಿಗ್ಗೆ ದಾಲಿಯಾ ಗ್ರಂಥದ ಸುರುಳಿಯ ಮುಂದೆ ನಿಂತಾಗ ಮೇಜಿನ ಮೇಲೆ ಅವಳ ಕಣ್ಣು, ಹಣೆ ಮಾತ್ರ ಕಾಣುತ್ತಿತ್ತು. ರಬ್ಬಿ ಕಾಲಿನಿಂದಲೇ ಒಂದು ಮಣೆ ಸರಿಸಿಕೊಟ್ಟ. ಅವಳು ಓದತೊಡಗಿದಳು. ಎಲ್ಲೂ ತಡವರಿಸಲಿಲ್ಲ, ಒಂದು ಸ್ವರವೂ ಜಾರಲಿಲ್ಲ. ಮಳೆ ಬಂತು, ನೀರು ಏರಿತು, ಪಾರಿವಾಳ ಹೋಗಿ ಎಲೆ ಕಚ್ಚಿಕೊಂಡು ಬಂತು. ಎಫ್ರಾಯಿನ್ ಮೊದಲ ಸಾಲಿನಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ಅವಳು ಏನಾದರೂ ಅನ್ನಲಿ, ತನ್ನನ್ನು ಮೀನು ಕೊಲ್ಲುವ ರಾಕ್ಷಸ ಅಂತಲೇ ಕರೆಯಲಿ, ಇಷ್ಟು ಚೆಂದ ಓದುವ ಮಗಳು ಬೇರೆ ಯಾರಿಗಿದ್ದಾಳೆ ಅನ್ನಿಸಿತು. ಓದು ಮುಗಿದದ್ದೇ ಖರ್ಜೂರದ ಮಳೆ. ಒಂದು ರಬ್ಬಿಯ ಗಡ್ಡಕ್ಕೇ ಅಂಟಿಕೊಂಡಿತು.

ಊಟದ ಹಜಾರದಲ್ಲಿ ಜೇನುಬಣ್ಣದ ತಟ್ಟೆಗಳು ಕಿಟಕಿಯ ಬಿಸಿಲಿಗೆ ಹೊಳೆಯುತ್ತಿದ್ದವು. ಬಂದವರೆಲ್ಲ, "ಅಯ್ಯೋ, ನಮ್ಮಜ್ಜಿ ತಟ್ಟೆ," ಎಂದು ಎತ್ತಿ ಎತ್ತಿ ನೋಡಿದರು. ಎಫ್ರಾಯಿನ್ ಮಗಳ ಮುಖ ನೋಡಿದ. ಅವಳು ತಟ್ಟೆ ನೋಡಿ ಅಪ್ಪನನ್ನು ನೋಡಿ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಳು. ಅವನು ಇನ್ನೇನು ಅವಳ ಹತ್ತಿರ ಹೋಗಬೇಕು, ಅಷ್ಟರಲ್ಲಿ ಮೊದಲ ಪಂಕ್ತಿಯ ಮೀನಿನ ತಟ್ಟೆಗಳು ಖಾಲಿಯಾದವು.

ಅವನು ಸೆಲ್ಮಾಳನ್ನು ಹುಡುಕಿದ. ಸೆಲ್ಮಾ ರೇಷ್ಮೆಯ ಅಂಗಿಯಲ್ಲಿ, ಮಣಿಕಟ್ಟಿನವರೆಗೆ ಮುತ್ತಿನ ಗುಂಡಿ ಹಾಕಿಕೊಂಡು ಕೂತಿದ್ದಳು. "ಈ ತೋಳು ಮಡಚೋಕೆ ಬರಲ್ಲ ಮಗಾ, ನೋಡು. ಮುಂದಿನ ಪಂಕ್ತಿಗೆ ಬರ್ತೀನಿ." ರೊಕೆ ಇದ್ದ, ಆದರೆ ತನ್ನ ಮದುವೆಯ ಸೂಟು ಹಾಕಿಕೊಂಡು ಇಬ್ಬರು ವಿಧವೆಯರ ಮಧ್ಯೆ ಕೂತು ನಲ್ಲಿಯ ರಬ್ಬರು ಹೇಗೆ ಸವೆಯುತ್ತದೆ ಎಂದು ವಿವರಿಸುತ್ತಿದ್ದ. ಅತಿಥಿಯಾಗಿ ಬಂದವನನ್ನು ಎಬ್ಬಿಸುವುದು ಹೇಗೆ? ವಕೀಲ ಎಫ್ರಾಯಿನನನ್ನು ಕಂಡವನೇ ಎದ್ದು ಕೈತೊಳೆಯಲು ಹೋದ, ಮತ್ತೆ ಕಾಣಲಿಲ್ಲ. ಎರಡನೇ ಪಂಕ್ತಿಯವರು ತಟ್ಟೆಗಾಗಿ ಕತ್ತು ಉದ್ದ ಮಾಡತೊಡಗಿದರು.

"ಬಾ, ಕೂತ್ಕೋ," ಅಂದಳು ನೊಯೆಮಿ. "ಇನ್ನೇನು ಅವಳು ಮಾತಾಡ್ತಾಳೆ."

"ಒಂದೇ ನಿಮಿಷ," ಅಂದ ಎಫ್ರಾಯಿನ್. ಹೊಸ ಸೂಟಿನ ಕೋಟು ಬಿಚ್ಚಿ ಮೊಳೆಗೆ ತಗುಲಿಸಿ, ತೋಳು ಮಡಚಿ, ತೊಟ್ಟಿಯ ಮುಂದೆ ನಿಂತ.

ಮೀನಿನ ತಟ್ಟೆ ಹೋಗಿ ಕ್ನಿಶ್ ತಟ್ಟೆ ಬಂತು. ಕ್ನಿಶ್ ತಟ್ಟೆ ಮುಗಿಯುವಷ್ಟರಲ್ಲಿ ಮತ್ತೆ ಮೀನಿನದು ಬಂತು. ಅಮ್ಮ ಫಾನ್ಯಾ ಒಂದು ಸ್ಟೂಲಿನ ಮೇಲೆ ಕೂತು ಬಟ್ಟೆಯಲ್ಲಿ ಒರೆಸಿಕೊಡುತ್ತಿದ್ದಳು. "ಅಂಚು, ಅಂಚು ತಿಕ್ಕು. ನಿಮ್ಮಪ್ಪನೂ ಹೀಗೇ, ನಡುವೆ ಮಾತ್ರ ತಿಕ್ಕೋನು." ಎಫ್ರಾಯಿನನ ಮೊಣಕೈವರೆಗೆ ನೊರೆ. ಟೈ ಒಂದು ಸಲ ನೀರಿಗೆ ಬಿತ್ತು, ಎರಡನೇ ಸಲ ಬಿದ್ದಾಗ ಅವನು ಎತ್ತಲೂ ಹೋಗಲಿಲ್ಲ. ಇಡೀ ಬದುಕು ಒಮ್ಮೆ ಉಂಡು ಎಸೆಯುವ ತಟ್ಟೆ ಮಾರಿದವನು ಇವತ್ತು ಇಡೀ ಬಡಾವಣೆಯ ಮುಸುರೆ ತಿಕ್ಕುತ್ತಿದ್ದ. ಆದರೂ ಅವನಿಗೆ ಒಂದು ಸಮಾಧಾನವಿತ್ತು. ಭಾಷಣದ ಹೊತ್ತಿಗೆ ತಾನು ಯಾರ ಕಣ್ಣಿಗೂ ಬೀಳುವುದಿಲ್ಲ, ಬಯ್ಯುವವಳಿಗೂ ಸುಲಭ, ಬಯ್ಯಿಸಿಕೊಳ್ಳುವವನಿಗೂ ಸುಲಭ.

ಅಡುಗೆಮನೆಗೂ ಹಜಾರಕ್ಕೂ ನಡುವೆ ಬಡಿಸಲು ಒಂದು ಕಿಟಕಿ. ಅದರಾಚೆ ಗದ್ದಲ ಇಳಿಯಿತು. ಮೈಕು ಕೆಮ್ಮಿತು. ಎಫ್ರಾಯಿನ್ ನಲ್ಲಿ ಸಣ್ಣಗೆ ಮಾಡಿದ.

"ನೋಹನ ಕತೆ ನಿಮಗೆಲ್ಲ ಗೊತ್ತು," ದಾಲಿಯಾಳ ದನಿ. "ನನಗೆ ಒಂದು ಅನುಮಾನ ಇತ್ತು. ನೋಹ ನಾವೇಲಿ ಎಲ್ಲಾ ಪ್ರಾಣಿಗಳಿಗೂ ಊಟ ಹಾಕಿದ. ಸಿಂಹಕ್ಕೆ ಒಂದು ಹೊತ್ತಿಗೆ, ಗೂಬೆಗೆ ಇನ್ನೊಂದು ಹೊತ್ತಿಗೆ. ಆದ್ರೆ ಅವನು ಯಾವತ್ತಾದ್ರೂ ಹೆಂಡತಿ ಮಕ್ಕಳ ಜೊತೆ ಕೂತು ಊಟ ಮಾಡಿದ್ನಾ? ನಾನು ಅಧ್ಯಾಯ ಪೂರ್ತಿ ಹುಡುಕಿದೆ. ಕೂತ ಅಂತ ಎಲ್ಲೂ ಬರೆದಿಲ್ಲ."

ಹಜಾರದಲ್ಲಿ ಯಾರೋ ನಕ್ಕರು.

"ನಮ್ಮಪ್ಪನೂ ಹಾಗೇ. ಈ ಬಡಾವಣೇಲಿ ಯಾರ ಮನೆ ಪಾರ್ಟಿ ಆದ್ರೂ ನಮ್ಮಪ್ಪ ಬರ್ತಾನೆ. ನಿಮಗೆಲ್ಲ ಅವನು ಗೊತ್ತು. ಆದ್ರೆ ಅವನು ಕೂತಿದ್ದನ್ನ ಯಾರಾದ್ರೂ ನೋಡಿದೀರಾ? ಹಿಂದುಗಡೆ ಕೋಣೇಲಿ ಬಲೂನು ಊದ್ತಿರ್ತಾನೆ, ಇಲ್ಲಾಂದ್ರೆ ಲೋಟ ಕಡಿಮೆ ಆಯ್ತು ಅಂತ ಅಂಗಡಿಗೆ ಓಡಿರ್ತಾನೆ. ನನ್ನ ಹುಟ್ಟುಹಬ್ಬದ ಫೋಟೋಗಳಲ್ಲಿ ಅವನಿಲ್ಲ. ಒಂದ್ರಲ್ಲಿ ಮಾತ್ರ ಒಂದು ಮೊಣಕೈ ಇದೆ. ಅದು ಪಪ್ಪಾದು ಅಂತ ಅಮ್ಮ ಹೇಳ್ತಾಳೆ."

ಎಫ್ರಾಯಿನ್ ನಲ್ಲಿ ಪೂರ್ತಿ ನಿಲ್ಲಿಸಿದ.

"ಅದಕ್ಕೇ ನಾನು ಪ್ಲಾಸ್ಟಿಕ್ ಬೇಡ ಅಂದಿದ್ದು. ಪ್ಲಾಸ್ಟಿಕ್ ಕೆಟ್ಟದ್ದೇ, ಅದೂ ನಿಜ, ರಬ್ಬಿ ಹತ್ರ ಅದನ್ನೂ ಹೇಳಿದೀನಿ. ಆದ್ರೆ ಮೊದಲ್ನೇ ಕಾರಣ ಅದಲ್ಲ. ಅಂಗಡಿಯಿಂದ ಏನೂ ಬರದಿದ್ರೆ ಪಪ್ಪಂಗೆ ಕೆಲಸ ಇರಲ್ಲ, ಕೆಲಸ ಇಲ್ಲದಿದ್ರೆ ಅವನು ಕೂತ್ಕೋತಾನೆ ಅಂತ. ಇದು ಅವನಿಗೆ ಮುಂಚೇನೇ ಗೊತ್ತಾಗ್ಬಾರ್ದು ಅಂತ ನಾನು ಅಂಗಡಿ ಕಡೆ ಹೋಗ್ತಾನೇ ಇರ್ಲಿಲ್ಲ. ಎದುರಿಗೆ ಸಿಕ್ಕಿದ್ರೆ ಬಾಯಿ ಬಿಟ್ಟುಬಿಡ್ತಿದ್ದೆ. ಇವತ್ತು ನನ್ನ ಹಬ್ಬ. ಇವತ್ತು ನಮ್ಮಪ್ಪ ನನ್ನ ಪಕ್ಕ ಕೂತು ಊಟ ಮಾಡ್ತಾನೆ. ಎದ್ದು ನಿಂತ್ಕೋ ಪಪ್ಪಾ, ಎಲ್ರೂ ನೋಡ್ಲಿ."

ಯಾರೂ ಎದ್ದು ನಿಲ್ಲಲಿಲ್ಲ. ಮಗಳ ಪಕ್ಕದ ಕುರ್ಚಿಯ ಮೇಲೆ ಫಾನ್ಯಾಳ ಕೈಚೀಲ ಕೂತಿತ್ತು.

ದಾಲಿಯಾ ಆ ಚೀಲ ನೋಡಿದಳು, ಅಮ್ಮನನ್ನು ನೋಡಿದಳು. ನೊಯೆಮಿ ಕಿಟಕಿಯತ್ತ ಕಣ್ಣು ಹೊರಳಿಸಿದಳು. ಹಜಾರದಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಕಿಟಕಿಯ ಚೌಕಟ್ಟಿನಲ್ಲಿ ಎಫ್ರಾಯಿನ್ ನಿಂತಿದ್ದ, ಎರಡೂ ಕೈ ನೊರೆ, ಒದ್ದೆ ಟೈ, ಹಿಡಿದದ್ದೊಂದು ತಟ್ಟೆ. ಅವನ ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದು ನಲ್ಲಿಯ ನೀರಲ್ಲ.

"ಕೇಕಿಗೆ ತಟ್ಟೆ ಬೇಕಲ್ಲ ಪುಟ್ಟೀ," ಅಂದ. ಅವನಿಗೆ ಹೊಳೆದ ಮಾತು ಅದೊಂದೇ.

ಆಮೇಲಿನದು ನೋಡುವ ಹಾಗಿತ್ತು. ಮೊದಲು ಸೆಲ್ಮಾ ಎದ್ದಳು. ಮಡಚಲು ಬರದ ತೋಳಿನ ಮುತ್ತಿನ ಗುಂಡಿಗಳನ್ನು ಪಟಪಟ ಕಿತ್ತು ಅಡುಗೆಮನೆಗೆ ನುಗ್ಗಿದಳು. ರೊಕೆ ವಿಧವೆಯರನ್ನು ಬಿಟ್ಟು ಹಾರಿ ಬಂದ. ಕೈತೊಳೆಯಲು ಹೋಗಿದ್ದ ವಕೀಲ ಎಲ್ಲಿದ್ದನೋ, ಅವನೂ ಬಂದ. ಕೊನೆಗೆ ರಬ್ಬಿಯೂ ಬಂದ. ಎಲ್ಲ ಸೇರಿ ಎಫ್ರಾಯಿನನ ಕೈಯಿಂದ ತಟ್ಟೆ ಕಿತ್ತುಕೊಂಡು, ಬೆನ್ನಿಗೆ ಕೈ ಹಚ್ಚಿ ಹೊರಗೆ ದಬ್ಬಿದರು. ಅವನು ಹೋಗಿ ಮಗಳ ಪಕ್ಕ ಕೂತ. ಕೂತ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ತೊಡೆಯ ಮೇಲಿಟ್ಟುಕೊಂಡ, ಮೇಜಿನ ಮೇಲಿಟ್ಟ. ದಾಲಿಯಾ ಒಂದನ್ನು ಹಿಡಿದುಕೊಂಡಳು, ಒದ್ದೆ ಇದ್ದರೂ.

"ನಿನಗೆ ನನ್ನ ಕಂಡ್ರೆ ನಾಚಿಕೆ ಅಂತ ಅನ್ಕೊಂಡಿದ್ದೆ," ಅಂದ.

"ಥೂ ಪಪ್ಪಾ," ಅಂದಳು ಅವಳು. ಅಷ್ಟೇ ಅಂದಳು. ಅವನಿಗೆ ಅಷ್ಟೇ ಬೇಕಾಗಿತ್ತು.

ಊಟ ಬಡಿಸಿ ಅಂದರೆ ಅವನಿಗೆ ತಟ್ಟೆ ಇರಲಿಲ್ಲ. ಇದ್ದವೆಲ್ಲ ಒಂದೋ ಜನರ ಮುಂದೆ, ಇಲ್ಲ ತೊಟ್ಟಿಯಲ್ಲಿ. ನೊಯೆಮಿ ಅತ್ತಿತ್ತ ನೋಡಿ ಕೈಚೆಲ್ಲಿದಳು. ದಾಲಿಯಾ ತನ್ನ ತಟ್ಟೆಯನ್ನು ಇಬ್ಬರ ನಡುವೆ ಸರಿಸಿ, ಕ್ನಿಶ್ ಮುರಿದು ದೊಡ್ಡ ಪಾಲು ಅವನ ಕಡೆ ಇಟ್ಟಳು. ಎಫ್ರಾಯಿನ್ ಮೊದಲ ತುತ್ತು ಬಾಯಿಗಿಟ್ಟ.

ಅಡುಗೆಮನೆಯಲ್ಲಿ ಏನೋ ಬಿದ್ದು ಸಾವಿರ ಚೂರಾದ ಸದ್ದಾಯಿತು.

ನಮ್ಮ ಜನರಿಗೆ ಗಾಜು ಒಡೆದದ್ದು ಕೇಳಿಸಿದರೆ ಕಾಲು ನಿಲ್ಲುವುದಿಲ್ಲ, ಮದುವೆಯಲ್ಲಿ ವರ ಗಾಜಿನ ಲೋಟ ತುಳಿದು ಒಡೆಯುವುದು ನೆನಪಾಗುತ್ತದೆ. ಇಡೀ ಹಜಾರ ಒಂದೇ ದನಿಯಲ್ಲಿ, "ಮಝಲ್ ತೋವ್," ಅಂದು ಶುಭ ಹಾರೈಸಿತು. ಆ ಉತ್ಸಾಹಕ್ಕೋ ಏನೋ, ಒಳಗೆ ಇನ್ನೊಂದು ಬಿತ್ತು. ಮತ್ತೆ ಮಝಲ್ ತೋವ್. ಮೂರನೆಯದಕ್ಕೆ ಯಾರೋ ಹಾಡು ಎತ್ತಿಕೊಂಡರು. ಸೆಲ್ಮಾಳದ್ದು ಯಾವುದು, ಅಮ್ಮನದ್ದು ಯಾವುದು, ಐದನೇ ಮಹಡಿಯದ್ದು ಯಾವುದು, ಎಲ್ಲ ಒಂದೇ ಅಚ್ಚಿನವು. ಶಬ್ಬಾತ್ ಮುಗಿದ ಮೇಲೆ ಇಡೀ ಕಟ್ಟಡ ಬಾಗಿಲಿಗೆ ಬಂದು ನನ್ನದು ಕೊಡು, ನನ್ನದು ಕೊಡು ಅಂದರೆ ಏನು ಹೇಳುವುದು? ಎಫ್ರಾಯಿನ್ ಕುರ್ಚಿಯಿಂದ ಅರ್ಧ ಎದ್ದ.

ದಾಲಿಯಾ ಅವನ ಅಂಗಿ ಹಿಡಿದು ಕೆಳಗೆಳೆದಳು.

"ಪಪ್ಪಾ, ತಿನ್ನು," ಅಂದಳು.

ಅವನು ತಿಂದ.